ಇಲ್ಲಿ ಪಕ್ಕವಾದ್ಯ ಯಾರು?

ಎರಡು ಸಂಚಿಕೆಗಳ ಹಿಂದೆ ಬೆಂಗಳೂರಿನಲ್ಲಿ ಕೇಳಿದ ಒಂದು ಪಾಶ್ಚಾತ್ಯ ಸಂಗೀತ ಕಾರ್ಯಕ್ರಮದ ಬಗ್ಗೆ ಇದೇ ಅಂಕಣದಲ್ಲಿ ಸಣ್ಣ ಟಿಪ್ಪಣಿ ಬರೆದಿದ್ದೆ. ನೂರು ಜನ ಹಿಡಿಸುವ ಹಾಲ್. ಕೊಳಲು, ಪಿಟೀಲು, ಪಿಟೀಲಿನಂತೆ ಬಿಲ್ಲಿನಲ್ಲಿ ನುಡಿಸುವ ಅದಕ್ಕಿಂತ ದೊಡ್ಡ ವಾದ್ಯಗಳಾದ ವಯೋಲಾ, ಚೆಲೊ, ಡಬಲ್ ಬಾಸ್, ಒಂದು ಕೀಬೋರ್ಡ್. ನುಡಿಸಿದ್ದು ಹದಿನೆಂಟನೇ ಶತಮಾನದ ಸಂಗೀತಗಾರರಾದ ಬಾಖ್ ಮತ್ತು ಮೊಜಾರ್ಟ್ ಬರೆದ ಕೃತಿಗಳು. ಇಂಥದ್ದಕ್ಕೆ ಚೇಂಬರ್ ಸಂಗೀತ ಅನ್ನುತ್ತಾರೆ, ಚೇಂಬರ್ ಅಂದರೆ ಕೋಣೆ, ನಮ್ಮಲ್ಲಿ ಮನೆ ಕಚೇರಿ, ಬೈಠಕ್ ಅನ್ನುತ್ತೀವಲ್ಲ, ಹೆಚ್ಚು ಕಡಿಮೆ ಹಾಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದಿ ತುಂಬಾ ಸಂತೋಷವಾಯಿತು. ಎಲ್ಲದಕ್ಕೂ ಇಲ್ಲಿ ಜಾಗ ಸಾಲುವುದಿಲ್ಲ, ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ರಾಮನವಮಿಯ ಕಚೇರಿಗಳನ್ನು ಕೇಳಿಕೊಂಡೇ ಬೆಳೆದವನು ನಾನು. ನೀವು ಬರೆದ ಕಾರ್ಯಕ್ರಮಕ್ಕೆ ಮಗಳ ಬಲವಂತಕ್ಕೆ ಹೋಗಿದ್ದೆ. ಚೆನ್ನಾಗಿತ್ತು. ಆದರೆ ಒಂದು ವಿಷಯ ಕೊನೆತನಕ ಬಗೆಹರಿಯಲಿಲ್ಲ. ಮುಖ್ಯ ಕಲಾವಿದರು ಯಾರು, ಪಕ್ಕವಾದ್ಯ ಯಾರು? ಕೊಳಲಿನವರು ಮುಂದೆ ನಿಂತಿದ್ದರು, ಅವರೇ ಇರಬೇಕು ಅಂದುಕೊಂಡೆ. ಕೊನೆಯ ಕೃತಿಯಲ್ಲಿ ನೋಡಿದರೆ ಕೀಬೋರ್ಡಿನವರೊಬ್ಬರೇ ಮೂರು ನಿಮಿಷ ನುಡಿಸಿದರು, ಉಳಿದವರೆಲ್ಲ ವಾದ್ಯ ಇಳಿಸಿ ಕೇಳುತ್ತಾ ನಿಂತರು. ಅದು ನಮ್ಮ ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದಂಥದ್ದೇ?
ಒಬ್ಬ ಓದುಗರು, ಚಾಮರಾಜಪೇಟೆ, ಬೆಂಗಳೂರು

ಉತ್ತರ: ನಿಮ್ಮ ಕಿವಿ ಸರಿಯಾದ ಜಾಗದಲ್ಲೇ ನಿಂತಿದೆ. ಆ ಮೂರು ನಿಮಿಷಕ್ಕಾಗಿಯೇ ನಾನು ಆ ಕಾರ್ಯಕ್ರಮಕ್ಕೆ ಹೋಗಿದ್ದು.

ಅದು ಯೋಹಾನ್ ಸೆಬಾಸ್ಟಿಯನ್ ಬಾಖ್ ಬರೆದ ಐದನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊ. ಕಾನ್ಚೆರ್ಟೊ ಅಂದರೆ ಒಬ್ಬರೋ ಕೆಲವರೋ ಮುಂದೆ, ಮೇಳ ಹಿಂದೆ ಇರುವ ಕೃತಿ. ಬ್ರಾಂಡೆನ್‌ಬರ್ಗ್ ರಾಜಮನೆತನದ ಕ್ರಿಶ್ಚಿಯನ್ ಲುಡ್ವಿಗ್ ಎಂಬಾತನಿಗೆ 1721ರ ಮಾರ್ಚ್ 24ರ ತಾರೀಖು ಹಾಕಿ ಅರ್ಪಿಸಿದ ಆರು ಕೃತಿಗಳಲ್ಲಿ ಇದು ಐದನೆಯದು. ಆಗ ಬಾಖ್ ಜರ್ಮನಿಯ ಕ್ಯೋಥೆನ್ ಎಂಬ ಸಣ್ಣ ಊರಿನ ಅರಮನೆಯಲ್ಲಿ ಸಂಗೀತದ ಮುಖ್ಯಸ್ಥನಾಗಿದ್ದ.

ಆ ಕಾಲದಲ್ಲಿ ಮೇಳದ ಕೀಲಿಮಣೆ ವಾದ್ಯ ಅಂದರೆ ಹಾರ್ಪ್ಸಿಕಾರ್ಡ್. ಅದರ ಕೆಲಸ ಹಿಂದೆ ಕೂತು ಎಲ್ಲರನ್ನೂ ಹಿಡಿದುಕೊಳ್ಳುವುದು. ನಮ್ಮ ತಂಬೂರಿಯ ಕೆಲಸ ಸ್ವಲ್ಪ, ಮೃದಂಗದ ಕೆಲಸ ಸ್ವಲ್ಪ. ಅದು ನಿಂತರೆ ಏನೋ ಖಾಲಿ ಅನ್ನಿಸುತ್ತದೆ, ಆದರೆ ಅದು ಇದ್ದಾಗ ಯಾರೂ ಅದನ್ನೇ ಗಮನಿಸಿ ಕೇಳುವುದಿಲ್ಲ. ಇಂಥ ವಾದ್ಯವನ್ನು ಬಾಖ್ ಎತ್ತಿ ಮುಂದಿಟ್ಟ. 1719ರಲ್ಲಿ ಅರಮನೆಗೆ ಬರ್ಲಿನ್‌ನಿಂದ ಒಂದು ದೊಡ್ಡ ಹೊಸ ಹಾರ್ಪ್ಸಿಕಾರ್ಡ್ ಬಂದಿತ್ತು, ಅದನ್ನು ತರಲು ಬಾಖ್ ತಾನೇ ಹೋಗಿದ್ದ. ಮನೆಗೆ ಹೊಸ ವೀಣೆ ಬಂದರೆ ಕೈ ಸುಮ್ಮನಿರುತ್ತದೆಯೇ? ಈ ಕೃತಿಗೂ ಆ ವಾದ್ಯಕ್ಕೂ ಸಂಬಂಧ ಇದೆ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ.

ಮೊದಲ ಭಾಗ ಇನ್ನೊಮ್ಮೆ ಕೇಳುವಾಗ ಒಂದು ಕೆಲಸ ಮಾಡಿ. ಕೊಳಲನ್ನೂ ಪಿಟೀಲನ್ನೂ ಬಿಟ್ಟು ಹಾರ್ಪ್ಸಿಕಾರ್ಡ್ ಒಂದನ್ನೇ ಹಿಡಿದು ಕೂತುಕೊಳ್ಳಿ. ಶುರುವಿನಲ್ಲಿ ಅದು ಎಂದಿನಂತೆ ಕೆಳಗೆ ಹರಿಯುತ್ತಿರುತ್ತದೆ. ಕೊಳಲು ಒಂದು ಮಾತು ಹೇಳುತ್ತದೆ, ಪಿಟೀಲು ಉತ್ತರ ಕೊಡುತ್ತದೆ, ಇದೂ ನಡುವೆ ಒಂದೊಂದು ಸಾಲು ಸೇರಿಸುತ್ತದೆ. ಆಮೇಲೆ ಇದರ ಸ್ವರಗಳು ಹೆಚ್ಚಾಗುತ್ತಾ, ನಾವು ಎರಡನೇ ಕಾಲ ಮೂರನೇ ಕಾಲ ಅನ್ನುತ್ತೀವಲ್ಲ, ಹಾಗೆ ದಟ್ಟವಾಗುತ್ತಾ ಹೋದಂತೆ, ಕೊಳಲು ಮತ್ತು ಪಿಟೀಲಿನ ಮಾತು ಕಡಿಮೆಯಾಗುತ್ತದೆ. ಕೊನೆಗೆ ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ. ಯಾವ ಕ್ಷಣದಲ್ಲಿ ಉಳಿದವರು ಜಾಗ ಬಿಟ್ಟರು ಅಂತ ತಿಳಿಯುವುದರೊಳಗೆ ಹಾರ್ಪ್ಸಿಕಾರ್ಡ್ ಒಂಟಿಯಾಗಿರುತ್ತದೆ. 65 ಅಳತೆಗಳು (ಅಳತೆ ಅಂದರೆ ಹೆಚ್ಚು ಕಡಿಮೆ ನಮ್ಮ ತಾಳದ ಒಂದು ಆವರ್ತ), ಒಂದೇ ಓಟ. ನಂತರ ಮೊದಲ ಸಾಲಿಗೆ ಎಲ್ಲರೂ ಒಟ್ಟಿಗೆ ಬಂದು ಮುಗಿಸುತ್ತಾರೆ, ತನಿ ಮುಗಿದ ಮೇಲೆ ಪಲ್ಲವಿ ಎತ್ತಿಕೊಂಡ ಹಾಗೆ. ತನಿಯಲ್ಲಿ ಮೃದಂಗದವರು ಅಲ್ಲೇ ಲೆಕ್ಕ ಕಟ್ಟುತ್ತಾರೆ. ಇಲ್ಲಿ ಬಾಖ್ ಒಂದೊಂದು ಸ್ವರವನ್ನೂ ಬರೆದಿಟ್ಟಿದ್ದಾನೆ. ಆದರೆ ಕೂತು ಕೇಳುವವರಿಗೆ ಆಗುವ ಅನುಭವ ಹೆಚ್ಚು ಕಡಿಮೆ ಒಂದೇ.

ಈಗ ನಿಮ್ಮ ಪ್ರಶ್ನೆ. ಈ ಕೃತಿಯಲ್ಲಿ ಮುಂದಿರುವವರು ಮೂವರು: ಕೊಳಲು, ಒಂದು ಪಿಟೀಲು, ಹಾರ್ಪ್ಸಿಕಾರ್ಡ್. ಎರಡನೇ ಭಾಗದಲ್ಲಂತೂ ಈ ಮೂವರೇ ಇರುತ್ತಾರೆ, ಉಳಿದವರು ಬಿಲ್ಲು ಮಡಿಲಲ್ಲಿಟ್ಟು ಕೂರುತ್ತಾರೆ. ಬೇರೆ ಕೃತಿಗಳಲ್ಲಿ ಲೆಕ್ಕ ಬೇರೆ. ಮೊಜಾರ್ಟ್ ಹುಡುಗನಾಗಿದ್ದಾಗ ಬರೆದ ಆರು ಸೊನಾಟಾಗಳು, ಅಂದರೆ ಕೆಲವೇ ವಾದ್ಯಗಳಿಗೆ ಬರೆದ ಕೃತಿಗಳು, 1765ರಲ್ಲಿ ಲಂಡನ್‌ನಲ್ಲಿ ಅಚ್ಚಾದವು. ಅವು ಕೀಲಿಮಣೆಗೆ ಬರೆದ ಕೃತಿಗಳು, ಪಿಟೀಲು ಅಥವಾ ಕೊಳಲು ಜೊತೆಗೆ ನುಡಿಸಬಹುದು ಅಂತ ಇತ್ತು. ಅಂದರೆ ಕೊಳಲೇ ಪಕ್ಕವಾದ್ಯ! ಅದೇ ಕಾಲದ ಇನ್ನೊಬ್ಬ ಸಂಗೀತಗಾರ ಹೈಡನ್ 1790ರಲ್ಲಿ ಕೊಳಲು, ಚೆಲೊ, ಪಿಯಾನೊ ಸೇರಿಸಿ ಬರೆದ ಕೃತಿಗಳಲ್ಲೂ ಪಿಯಾನೊದ್ದೇ ಹೆಚ್ಚು ಮಾತು, ಚೆಲೊ ಬಹುಪಾಲು ಪಿಯಾನೊದ ಎಡಗೈಯನ್ನು ಹಿಂಬಾಲಿಸುತ್ತದೆ. ಹಾಗಾಗಿ ಯಾರು ಮುಂದೆ ನಿಂತಿದ್ದಾರೆ ಅಂತ ನೋಡಿ ತೀರ್ಮಾನ ಮಾಡಬೇಡಿ. ಈ ಸಂಗೀತದಲ್ಲಿ ಪಕ್ಕ ಅನ್ನುವುದು ಒಂದೇ ಕಡೆ ಇರುವುದಿಲ್ಲ. ಈ ಸಾಲಿನಲ್ಲಿ ನೀನು, ಮುಂದಿನ ಸಾಲಿನಲ್ಲಿ ನಾನು. ನನಗೆ ಈ ಸಂಗೀತ ಹಿಡಿಸಿದ್ದೇ ಅದಕ್ಕೆ.

ಪ್ರಶ್ನೆ: ತಾಳ ಹಾಕುವವರಿಲ್ಲ, ಕೋಲು ಹಿಡಿದು ನಿಲ್ಲುವವರಿಲ್ಲ. ಏಳು ಜನ ಒಂದೇ ಕ್ಷಣದಲ್ಲಿ ಹೇಗೆ ಶುರು ಮಾಡುತ್ತಾರೆ?
ಓದುಗರು, ಹುಬ್ಬಳ್ಳಿ

ಉತ್ತರ: ಉಸಿರಿನಿಂದ. ಮುಂದಿನ ಸಾಲಿನಲ್ಲಿ ಕೂತರೆ ಕಿವಿಗೇ ಕೇಳುತ್ತದೆ. ಕೊಳಲಿನವರು ಶುರು ಮಾಡುವ ಮುಂಚೆ ಉಸಿರು ಎಳೆದುಕೊಳ್ಳಲೇಬೇಕು, ಆ ಉಸಿರಿನ ಉದ್ದವೇ ಲಯ. ನಿಧಾನದ ಭಾಗವಾದರೆ ಉಸಿರೂ ನಿಧಾನ, ಓಟದ ಭಾಗವಾದರೆ ಚಿಕ್ಕದಾಗಿ, ಚೂಪಾಗಿ. ಪಿಟೀಲಿನವರಿಗೆ ಉಸಿರಿನ ಅಗತ್ಯ ಇಲ್ಲದಿದ್ದರೂ ಅವರೂ ಜೊತೆಗೆ ಎಳೆದುಕೊಳ್ಳುತ್ತಾರೆ, ಬಿಲ್ಲು ಒಂದು ಗೇಣು ಮೇಲೇಳುತ್ತದೆ. ಚೆಲೊದವರ ಕಣ್ಣು ಪಿಟೀಲಿನವರ ಬಿಲ್ಲಿನ ತುದಿಯ ಮೇಲಿರುತ್ತದೆ. ನಾನು ಅವತ್ತು ಎರಡನೇ ಸಾಲಿನಲ್ಲಿ ಎಡಗಡೆ ಕೂತಿದ್ದೆ. ಕೀಬೋರ್ಡಿನವರಿಗೆ ಎರಡು ಕೈಯೂ ಕೆಲಸದಲ್ಲಿ, ಕಣ್ಣು ಕಾಗದದಲ್ಲಿ, ಆದರೂ ಪ್ರತಿ ಸಾಲಿನ ಕೊನೆಗೆ ತಲೆ ಎತ್ತಿ ಕೊಳಲಿನವರ ಭುಜ ನೋಡುತ್ತಿದ್ದರು. ಭುಜ ಇಳಿದರೆ ಸಾಲು ಮುಗಿಯಿತು ಅಂತ.

ಪ್ರಶ್ನೆ: ನಾನು ಹಿಂದೂಸ್ತಾನಿ ಬಾನ್ಸುರಿ ಕಲಿಯುತ್ತಿರುವ ವಿದ್ಯಾರ್ಥಿ. ಅವರ ಕೊಳಲು ಬೆಳ್ಳಿಯದು, ಮೈ ತುಂಬಾ ಕೀಲಿ. ನಮ್ಮ ಬಿದಿರಿನಲ್ಲಿ ಬಾಖ್, ಮೊಜಾರ್ಟ್ ನುಡಿಸಬಹುದಾ?
ವಿದ್ಯಾರ್ಥಿ, ಧಾರವಾಡ

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತದೆ. ನಿಮಗೆ ಗೊತ್ತಿರುವ ಬೆರಳಿನಲ್ಲೇ ಶುರು ಮಾಡಬಹುದು.

ನೀವು ನೋಡಿದ ಕೀಲಿ ತುಂಬಿದ ಕೊಳಲು ಬಾಖ್‌ನ ಕಾಲದ್ದಲ್ಲ. ಅದು ಮ್ಯೂನಿಕ್‌ನ ಥಿಯೊಬಾಲ್ಡ್ ಬೋಮ್ ಎಂಬಾತನ ಕೆಲಸ. ಅವನು ಅಕ್ಕಸಾಲಿ, ಒಳ್ಳೆಯ ಕೊಳಲು ವಾದಕನೂ ಹೌದು. 1832ರಲ್ಲಿ ಕೀಲಿಗಳ ಹೊಸ ಏರ್ಪಾಡು ಮಾಡಿದ, 1847ರಲ್ಲಿ ಕೊಳವೆಯ ಆಕಾರವನ್ನೇ ಬದಲಾಯಿಸಿ ಲೋಹದ ಕೊಳಲು ತಂದ. ಅದಕ್ಕೂ ಮೊದಲಿನ ಕೊಳಲು ಮರದ್ದು. ಬೆರಳಿಗೆ ಆರು ರಂಧ್ರ, ಕಿರುಬೆರಳಿಗೆ ಒಂದೇ ಒಂದು ಕೀಲಿ. ಈಗ ನಿಮ್ಮ ಕೈಯಲ್ಲಿರುವ ಬಾನ್ಸುರಿ ನೋಡಿ. ಆರು ರಂಧ್ರ!

ಇನ್ನೂ ಒಂದು ಸ್ವಾರಸ್ಯ ಇದೆ. ಜಿ ಸ್ಕೇಲಿನ ಬಾನ್ಸುರಿ ತೆಗೆದುಕೊಳ್ಳಿ. ಆರೂ ರಂಧ್ರ ಮುಚ್ಚಿದರೆ ಮಂದ್ರ ಪಂಚಮ ಬರುತ್ತದೆ, ಅದು ಅವರ ಡಿ. ಒಂದೊಂದೇ ಬೆರಳು ಎತ್ತುತ್ತಾ ಹೋಗಿ. ಪ, ಧ, ನಿ, ಸ, ರಿ, ಗ, ಎಲ್ಲ ತೆರೆದಾಗ ತೀವ್ರ ಮಧ್ಯಮ. ಈಗ ಆ ಪಂಚಮವನ್ನೇ ಷಡ್ಜ ಅಂದುಕೊಂಡು ಮತ್ತೆ ನುಡಿಸಿ. ಬಿಲಾವಲ್ ಬಂತಲ್ವಾ? ಅವರ ಭಾಷೆಯಲ್ಲಿ ಅದು ಡಿ ಮೇಜರ್. ಬಾಖ್‌ನ ಕಾಲದ ಕೊಳಲೂ ಇದೇ ತರಹ, ಎಲ್ಲ ಮುಚ್ಚಿದರೆ ಡಿ, ಅಲ್ಲಿಂದ ಬೆರಳು ಎತ್ತಿದ ಹಾಗೆ ಡಿ ಮೇಜರ್. ಐದನೇ ಬ್ರಾಂಡೆನ್‌ಬರ್ಗ್ ಡಿ ಮೇಜರ್‌ನಲ್ಲಿದೆ, ಮೊಜಾರ್ಟ್‌ನ ಪ್ರಸಿದ್ಧ ಕೊಳಲು ಕ್ವಾರ್ಟೆಟ್ (ನಾಲ್ಕು ವಾದ್ಯಗಳ ಕೃತಿ) ಕೂಡ ಡಿ ಮೇಜರ್. ಕೊಳಲು ತಾನಾಗಿ ಎಲ್ಲಿ ಚೆನ್ನಾಗಿ ಮೊಳಗುತ್ತದೋ ಅಲ್ಲೇ ಬರೆದಿದ್ದಾರೆ.

ಕಷ್ಟ ಬರುವುದು ನಡುನಡುವಿನ ಕೋಮಲ, ತೀವ್ರ ಸ್ವರಗಳಲ್ಲಿ. ಅರ್ಧ ರಂಧ್ರ ಮುಚ್ಚಿ ತೆಗೆಯಬೇಕು, ಓಟದ ಭಾಗದಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ. ಆದ್ದರಿಂದ ಮೊದಲು ನಿಧಾನದ ಭಾಗಗಳನ್ನು ಹಿಡಿಯಿರಿ. ಮೊಜಾರ್ಟ್‌ನ ಆ ಕ್ವಾರ್ಟೆಟ್‌ನ ಎರಡನೇ ಭಾಗದಲ್ಲಿ ಪಿಟೀಲು, ವಯೋಲಾ, ಚೆಲೊ ಮೂರೂ ಬಿಲ್ಲು ಬಿಟ್ಟು ಬೆರಳಲ್ಲಿ ಮೀಟುತ್ತವೆ, ಅದರ ಮೇಲೆ ಕೊಳಲು ಒಂದೇ ಉದ್ದಕ್ಕೆ ಹಾಡುತ್ತದೆ. ಬೆಳಗಿನ ಆಲಾಪದಲ್ಲಿ ಉಸಿರು ಹಿಡಿದು ಸ್ವರ ನಿಲ್ಲಿಸುವ ಅಭ್ಯಾಸ ಇರುವ ನಿಮಗೆ ಅದು ಒಗ್ಗುತ್ತದೆ. ಒಂದು ಎಚ್ಚರಿಕೆ ಮಾತ್ರ. ಮೀಂಡ್ ಹಾಕಬೇಡಿ. ಅಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದ ಹಾಗೆ ಹೋಗಬೇಕು, ಜಾರಿದರೆ ಕೆಳಗಿನ ಮೂರು ವಾದ್ಯಗಳ ಜೊತೆ ಸೇರುವುದಿಲ್ಲ. ನಿಮ್ಮ ಗುರುಗಳಿಗೆ ಹೇಳಿಯೇ ಮಾಡಿ, ಬೆರಳಿನ ಅಭ್ಯಾಸ ಕೆಡಬಾರದು.

ಪ್ರಶ್ನೆ: ಮೊಜಾರ್ಟ್‌ಗೆ ಕೊಳಲು ಕಂಡರೆ ಆಗುತ್ತಿರಲಿಲ್ಲ ಅಂತ ಒಂದು ಕಡೆ ಓದಿದೆ. ನಿಜವೇ?
ಓದುಗರು, ಉಡುಪಿ

ಉತ್ತರ: ಹಾಗಂತ ಅವನೇ ಬರೆದಿದ್ದಾನೆ. ಆದರೆ ಆ ಮಾತನ್ನು ಎಲ್ಲಿ, ಯಾರಿಗೆ ಬರೆದ ಅನ್ನುವುದನ್ನೂ ನೋಡಬೇಕು.

1777ರ ಕೊನೆಗೆ ಮೊಜಾರ್ಟ್ ಜರ್ಮನಿಯ ಮಾನ್‌ಹೈಮ್‌ನಲ್ಲಿದ್ದ. ವಯಸ್ಸು 21. ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದ ಸಮಯ. ಫರ್ಡಿನಂಡ್ ಡಿ ಜಾನ್ ಎಂಬ ವೈದ್ಯ ಅವನಿಗೆ ಕೊಳಲಿನ ಕೃತಿಗಳನ್ನು ಬರೆದುಕೊಡಲು ಹೇಳಿದ. ಈತ ಡಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದವನು, ಬಿಡುವಿದ್ದಾಗ ಕೊಳಲು ನುಡಿಸುತ್ತಿದ್ದ. ಮಾತಾಗಿದ್ದು ಆಗಿನ ನಾಣ್ಯದಲ್ಲಿ 200 ಗುಲ್ಡೆನ್. ಮೊಜಾರ್ಟ್ ಎಲ್ಲವನ್ನೂ ಮುಗಿಸಲಿಲ್ಲ, ಕೈಗೆ ಸಿಕ್ಕಿದ್ದು 96. ಮನೆಯಲ್ಲಿ ಸಾಲ ಮಾಡಿ ಮಗನನ್ನು ಕಳಿಸಿದ ಅಪ್ಪನಿಗೆ ಈ ವಿಷಯ ಹೇಳಬೇಕಾಗಿ ಬಂದಾಗ, 1778ರ ಫೆಬ್ರವರಿ 14ರ ಪತ್ರದಲ್ಲಿ, ಸಹಿಸಲಾಗದ ವಾದ್ಯಕ್ಕೇ ಒಂದೇ ಸಮನೆ ಬರೆಯಬೇಕಾದರೆ ಮನಸ್ಸು ಜಡವಾಗುತ್ತದೆ ಅನ್ನುವ ಅರ್ಥದ ಮಾತು ಬರೆದ. ಕೆಲಸ ಬಾಕಿ ಉಳಿಸಿದ ಮಗ ಅಪ್ಪನಿಗೆ ಕೊಟ್ಟ ಸಮಜಾಯಿಷಿ ಅದು. ಅದರ ಮೇಲೆ, ಅಲ್ಲಿ ಅಲೋಯ್ಸಿಯಾ ವೆಬರ್ ಎಂಬ ಹಾಡುಗಾರ್ತಿಯ ಮೇಲೆ ಅವನಿಗೆ ಪ್ರೀತಿ ಹುಟ್ಟಿತ್ತು. ಆ ವಯಸ್ಸಿನಲ್ಲಿ ಕೂತು ಬರೆಯುವುದು ಕಷ್ಟವೇ.

ನಾನು ನಂಬುವುದು ಅವನು ಬರೆದ ಸ್ವರಗಳನ್ನು. ಆ ಡಿ ಮೇಜರ್ ಕ್ವಾರ್ಟೆಟ್ ಮುಗಿಸಿದ್ದು 1777ರ ಡಿಸೆಂಬರ್ 25ರಂದು. ಧಾರವಾಡದ ವಿದ್ಯಾರ್ಥಿಗೆ ಮೇಲೆ ಹೇಳಿದೆನಲ್ಲ, ಆ ಎರಡನೇ ಭಾಗ, ಅದನ್ನು ಕೇಳಿ. ವಾದ್ಯವನ್ನು ದ್ವೇಷಿಸುವವನ ಕೈಯಲ್ಲಿ ಅಂಥದ್ದು ಬರುವುದಿಲ್ಲ. ಅದು ಮುಗಿಯುವ ರೀತಿಯಂತೂ! ಮುಗಿಯುವುದೇ ಇಲ್ಲ, ಅರ್ಧ ಮಾತಿನಲ್ಲಿ ನಿಂತ ಹಾಗೆ ನಿಂತು, ನೇರವಾಗಿ ಕುಣಿಯುವ ಮೂರನೇ ಭಾಗಕ್ಕೆ ಕಾಲಿಡುತ್ತದೆ. ಅವತ್ತು ಹಾಲ್‌ನಲ್ಲಿ ಆ ಒಂದು ಕ್ಷಣ ಯಾರೂ ಕೆಮ್ಮಲೂ ಇಲ್ಲ.

ಪ್ರಶ್ನೆ: ನೀವು ಹೊಗಳಿದ ಕಾರ್ಯಕ್ರಮದಲ್ಲಿ ನಿಜವಾದ ಹಾರ್ಪ್ಸಿಕಾರ್ಡ್ ಇರಲಿಲ್ಲ. ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಹಾರ್ಪ್ಸಿಕಾರ್ಡ್ ಟೋನ್ ಹಾಕಿ ನುಡಿಸಿದರು. ಇದನ್ನು ನೀವು ಬರೆಯಲೇ ಇಲ್ಲ. ಇದು ಕೇಳುಗರಿಗೆ ಮೋಸ ಅಲ್ವಾ?
ಓದುಗರು, ಜಯನಗರ, ಬೆಂಗಳೂರು

ಉತ್ತರ: ಬರೆಯಬೇಕಿತ್ತು. ನೀವು ಹೇಳಿದ್ದು ಸರಿ.

ನಿಜವಾದ ಹಾರ್ಪ್ಸಿಕಾರ್ಡ್ ನಮ್ಮ ದೇಶದಲ್ಲಿ ಸಿಗುವುದೇ ಅಪರೂಪ. ತೆಳ್ಳಗಿನ ಮರದ ಹಲಗೆ, ಹತ್ತಾರು ತಂತಿ, ಮಳೆಗಾಲ ಬಂದರೆ ಮರ ನೀರು ಕುಡಿದು ಶ್ರುತಿ ಹೋಗುತ್ತದೆ. ಇದ್ದ ಕಡೆಯಲ್ಲೂ ಕಾರ್ಯಕ್ರಮದ ಮಧ್ಯಂತರದಲ್ಲಿ ಒಬ್ಬರು ಬಂದು ಚಾವಿ ಹಿಡಿದು ಮತ್ತೆ ಶ್ರುತಿ ಮಾಡುವುದುಂಟು. ಹಾಗಾಗಿ ಕೀಬೋರ್ಡ್ ಬಳಸಿದ್ದಕ್ಕೆ ನನ್ನ ತಕರಾರು ಇಲ್ಲ. ಸರಿಯಾಗಿ ಬಳಸಿದರೆ ಸಾಕು.

ಹಾರ್ಪ್ಸಿಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಅಂದರೆ, ಕೀಲಿ ಒತ್ತಿದಾಗ ಒಳಗೆ ಒಂದು ಪುಟ್ಟ ಮರದ ಪಟ್ಟಿ ಮೇಲೇಳುತ್ತದೆ. ಅದರಲ್ಲಿ ಸಿಕ್ಕಿಸಿರುವ ಹಕ್ಕಿ ಗರಿಯ ಚೂರು, ಈಗಿನವುಗಳಲ್ಲಿ ಪ್ಲಾಸ್ಟಿಕ್, ತಂತಿಯನ್ನು ಮೀಟುತ್ತದೆ. ವೀಣೆಯನ್ನು ಉಗುರಿನಿಂದ ಮೀಟುತ್ತೇವಲ್ಲ, ಅದೇ ಕೆಲಸ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದದ ಗಾತ್ರ ಹೆಚ್ಚು ಕಡಿಮೆ ಒಂದೇ. ಪಿಯಾನೊ ಬೇರೆ, ಅಲ್ಲಿ ಸುತ್ತಿಗೆ ತಂತಿಗೆ ಹೊಡೆಯುತ್ತದೆ. 1700ರ ಆಸುಪಾಸಿನಲ್ಲಿ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಅದನ್ನು ಮಾಡಿದ ಮೇಲೆ ಬೆರಳಿನ ಒತ್ತಡದಿಂದ ಜೋರು, ಮೆಲು ಎರಡೂ ಸಾಧ್ಯವಾಯಿತು.

ಅವತ್ತು ತಪ್ಪಾಗಿದ್ದು ಸ್ಪೀಕರ್‌ನಲ್ಲಿ. ಕೀಬೋರ್ಡಿನ ನಾದವನ್ನು ಹಾಲ್‌ನ ಎರಡು ಗೋಡೆಯ ದೊಡ್ಡ ಸ್ಪೀಕರ್‌ಗಳಿಗೆ ಕೊಟ್ಟಿದ್ದರು. ಕೊಳಲು ವೇದಿಕೆಯಿಂದ ಕೇಳುತ್ತಿತ್ತು, ಹಾರ್ಪ್ಸಿಕಾರ್ಡ್ ಗೋಡೆಯಿಂದ. ಮೊದಲ ಹತ್ತು ನಿಮಿಷ ವಯೋಲಾ ಕೇಳಿಸಲೇ ಇಲ್ಲ, ನನಗೆ ನಿಜವಾಗಿ ಸಂಕಟವಾಯಿತು. ಆಮೇಲೆ ಯಾರೋ ಹೋಗಿ ಹೇಳಿ ಅದನ್ನು ಕಡಿಮೆ ಮಾಡಿಸಿದರು. ಆಯೋಜಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಒಂದೇ ಒಂದು ಸಣ್ಣ ಸ್ಪೀಕರ್ ಸಾಕು, ಅದನ್ನು ಕೀಬೋರ್ಡಿನ ಕೆಳಗೇ ಇಡಿ. ಬೇರೆ ಯಾವ ವಾದ್ಯಕ್ಕೂ ಮೈಕ್ ಬೇಡ. ಮತ್ತೆ ಕಾರ್ಯಕ್ರಮದ ಹಾಳೆಯಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಅಂತಲೇ ಅಚ್ಚು ಹಾಕಿ, ಕೇಳುಗರಿಗೆ ಮೊದಲೇ ಗೊತ್ತಿರಲಿ.

ಪ್ರಶ್ನೆ: ಭಾಗ ಮುಗಿದಾಗ ಚಪ್ಪಾಳೆ ತಟ್ಟಿದೆ, ಪಕ್ಕದವರು ತಿರುಗಿ ನೋಡಿದರು. ಯಾವಾಗ ತಟ್ಟಬೇಕು?
ಓದುಗರು, ತುಮಕೂರು

ಉತ್ತರ: ಈಗಿನ ಪದ್ಧತಿಯಲ್ಲಿ ಎಲ್ಲ ಭಾಗಗಳೂ ಮುಗಿದ ಮೇಲೆ. ಹಾಳೆಯಲ್ಲಿ ಒಂದು ಕೃತಿಯ ಕೆಳಗೆ ಮೂರು ಹೆಸರಿದ್ದರೆ ಮೂರು ಭಾಗ ಅಂತ ಲೆಕ್ಕ ಇಟ್ಟುಕೊಳ್ಳಿ. ಆದರೆ ಬೇಜಾರು ಮಾಡಿಕೊಳ್ಳಬೇಡಿ. ಮೊಜಾರ್ಟ್ 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಪತ್ರದಲ್ಲಿ, ದೊಡ್ಡ ಮೇಳಕ್ಕೆ ಬರೆದ ತನ್ನ ಸಿಂಫನಿಯ ಮಧ್ಯದಲ್ಲೇ ಜನ ಚಪ್ಪಾಳೆ ತಟ್ಟಿದ್ದನ್ನು ಖುಷಿಯಿಂದ ಹೇಳಿಕೊಂಡಿದ್ದಾನೆ. ನಾವು ಒಳ್ಳೆಯ ಸಂಗತಿ ಬಂದಾಗ ಭಲೇ ಅನ್ನುವ ಹಾಗೆಯೇ ಇತ್ತು ಆಗ.

ಪ್ರಶ್ನೆ: ಎಲ್ಲ ಸ್ವರವನ್ನೂ ಕಾಗದದಲ್ಲಿ ಬರೆದಿಟ್ಟು ಅದನ್ನೇ ನುಡಿಸುವುದಾದರೆ ಕಲಾವಿದನ ಮನೋಧರ್ಮಕ್ಕೆ ಜಾಗ ಎಲ್ಲಿ? ನನಗೆ ಇದೇ ದೊಡ್ಡ ಕೊರತೆಯಾಗಿ ಕಾಣುತ್ತದೆ.
ಸಂಗೀತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಅಮ್ಮಾ, ನೀವು ಕೇಳಿದ್ದು ನನ್ನನ್ನೂ ಬಹಳ ಕಾಲ ಕಾಡಿದ ಪ್ರಶ್ನೆ.

ಬಾಖ್‌ನ ಕಾಲದ ಕೀಬೋರ್ಡ್ ವಾದಕರ ಮುಂದಿನ ಹಾಳೆಯನ್ನು ಒಮ್ಮೆ ನೋಡಬೇಕು ನೀವು. ಎಡಗೈಗೆ ಒಂದು ಸಾಲು ಸ್ವರ. ಬಲಗೈಗೆ ಬಹಳ ಕಡೆ ಏನೂ ಇಲ್ಲ, ಎಡಗೈ ಸ್ವರಗಳ ಹತ್ತಿರ ಸಣ್ಣ ಸಣ್ಣ ಅಂಕಿಗಳು ಮಾತ್ರ. 6, 7, 4, 3 ಹೀಗೆ. ಈ ಸ್ವರದ ಮೇಲೆ ಆರನೆಯದು ಸೇರಲಿ, ಇಲ್ಲಿ ಏಳನೆಯದು ಸೇರಲಿ ಅಂತ ಸೂಚನೆ. ಅದನ್ನು ನೋಡಿಕೊಂಡು ಬಲಗೈ ಅಲ್ಲೇ ಹುಟ್ಟಿಸಬೇಕು. ಕೊಳಲು ಮೆಲ್ಲಗಿದ್ದರೆ ಎರಡೇ ಸ್ವರ, ಎಲ್ಲರೂ ಸೇರಿದರೆ ಕೈ ತುಂಬಾ. ಕೊಳಲಿನವರು ಒಂದು ಅಲಂಕಾರ ಹಾಕಿದರೆ ಅದಕ್ಕೆ ಇವರು ಉತ್ತರ ಕೊಡಬಹುದು. ನಿಮ್ಮ ಹಾಡಿಗೆ ಪಿಟೀಲಿನವರು ನೆರಳಿನ ಹಾಗೆ ಬರುತ್ತಾರಲ್ಲ, ಕಾಗದ ಇಲ್ಲದೆ, ನಿಮ್ಮ ಮುಂದಿನ ಸಂಚಾರ ಯಾವುದು ಅಂತ ಗೊತ್ತಿಲ್ಲದೆ. ಆ ಎಚ್ಚರ ಇಲ್ಲೂ ಬೇಕು. ನಿಧಾನದ ಭಾಗಗಳಲ್ಲಿ ಬರೆದ ಸ್ವರಗಳ ನಡುವೆ ತಮ್ಮದೇ ಸಂಗತಿ ತುಂಬುವುದು ಆಗಿನ ವಾದಕರಿಗೆ ರೂಢಿಯೇ ಆಗಿತ್ತು. ಹೇಗೆ ತುಂಬಬೇಕು, ಎಷ್ಟು ತುಂಬಿದರೆ ಅತಿಯಾಗುತ್ತದೆ ಅಂತ ಯೋಹಾನ್ ಯೋಆಖಿಮ್ ಕ್ವಾಂಟ್ಸ್ 1752ರಲ್ಲಿ ಕೊಳಲಿನ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಉದಾಹರಣೆ ಸಮೇತ ಹೇಳಿದ್ದಾನೆ.

ನಂತರದ ನೂರು ವರ್ಷಗಳಲ್ಲಿ ಇದು ಕಡಿಮೆಯಾಗುತ್ತಾ ಬಂತು, ನಿಮ್ಮ ಮಾತು ಆ ಕಾಲಕ್ಕೆ ಒಪ್ಪುತ್ತದೆ. ಅಲ್ಲಿ ಮನೋಧರ್ಮ ಉಳಿದಿರುವುದು ಎಳೆತದಲ್ಲಿ, ನಿಲುಗಡೆಯಲ್ಲಿ, ಎಷ್ಟು ಮೆಲ್ಲಗೆ ಅನ್ನುವುದರಲ್ಲಿ. ಒಂದು ತ್ಯಾಗರಾಜರ ಕೃತಿಯನ್ನು ಇಬ್ಬರು ಹಾಡಿದರೆ ಎರಡು ತರಹ ಕೇಳುತ್ತದಲ್ಲ, ಅಷ್ಟು ವ್ಯತ್ಯಾಸ ಇಲ್ಲೂ ಇದೆ. ರಾಗಾಲಾಪನೆಯಷ್ಟು ಬಯಲು ಇಲ್ಲ. ಆ ಬಯಲು ನಮ್ಮದೇ.

ಪ್ರಶ್ನೆ: ನಾವು ಬರ್ಲಿನ್‌ಗೆ ಬಂದು ಎರಡು ವರ್ಷ. ಮ್ಯೂಸಿಯಂನಲ್ಲಿ ರಾಜನೊಬ್ಬ ಮೋಂಬತ್ತಿ ಬೆಳಕಿನಲ್ಲಿ ಕೊಳಲು ನುಡಿಸುವ ದೊಡ್ಡ ಚಿತ್ರ ನೋಡಿದೆವು. ಅದರ ಕಥೆ ಹೇಳುತ್ತೀರಾ? ಬಾಖ್ ಅದರಲ್ಲಿ ಇದ್ದಾನಾ?
ಕನ್ನಡತಿ, ಬರ್ಲಿನ್

ಉತ್ತರ: ಬಾಖ್ ಇದ್ದಾನೆ, ಅಪ್ಪ ಅಲ್ಲ, ಮಗ. ಆ ಚಿತ್ರ ಅಡಾಲ್ಫ್ ಮೆನ್ಜೆಲ್ 1850ರಿಂದ 1852ರವರೆಗೆ ಬರೆದದ್ದು. ನುಡಿಸುತ್ತಿರುವವನು ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್. ಹಾರ್ಪ್ಸಿಕಾರ್ಡ್ ಮುಂದೆ ಕೂತವನು ಕಾರ್ಲ್ ಫಿಲಿಪ್ ಎಮಾನ್ಯುಯೆಲ್ ಬಾಖ್, ಆ ಆಸ್ಥಾನದಲ್ಲಿ ಸುಮಾರು ಇಪ್ಪತ್ತೇಳು ವರ್ಷ ರಾಜನಿಗೆ ಪಕ್ಕವಾದ್ಯ ನುಡಿಸಿದವನು. ಬಲತುದಿಯಲ್ಲಿ ಗೋಡೆಗೆ ಒರಗಿ ನಿಂತವನೇ ಮೇಲೆ ಹೇಳಿದ ಕ್ವಾಂಟ್ಸ್, ರಾಜನ ಕೊಳಲಿನ ಗುರು. ರಾಜನಿಗಾಗಿ ಸುಮಾರು 300 ಕಾನ್ಚೆರ್ಟೊ ಬರೆದವನು. ಮೆನ್ಜೆಲ್ ಇದನ್ನು ಕಣ್ಣಾರೆ ಕಂಡಿರಲಿಲ್ಲ, ನೂರು ವರ್ಷದ ಹಿಂದಿನ ಸಂಜೆಯನ್ನು ಊಹಿಸಿ ಬರೆದ. ಇನ್ನೊಮ್ಮೆ ಹೋದರೆ ಕೀಲಿಮಣೆಯ ಮುಂದಿರುವವನ ಮುಖ ನೋಡಿ. ಅವನ ಕಣ್ಣು ಇರುವುದು ರಾಜನ ಮೇಲೆ.

ಅಪ್ಪ ಬಾಖ್ ರಾಜನಲ್ಲಿಗೆ ಬಂದದ್ದು 1747ರ ಮೇ 7ರಂದು, ಬರ್ಲಿನ್ ಪಕ್ಕದ ಪೋಟ್ಸ್‌ಡ್ಯಾಮ್‌ಗೆ. ವಯಸ್ಸು 62. ರಾಜ ಒಂದು ಸ್ವರ ಸಾಲು ಕೊಟ್ಟು, ಇದರ ಮೇಲೆ ಮೂರು ಎಳೆಯ ಫ್ಯೂಗ್ ಕಟ್ಟು ಅಂದ. ಫ್ಯೂಗ್ ಅಂದರೆ ಒಂದೇ ಸಾಲನ್ನು ಒಂದು ಎಳೆಯ ಹಿಂದೆ ಇನ್ನೊಂದು ಎಳೆ ಎತ್ತಿಕೊಂಡು ಹೆಣೆಯುವ ರಚನೆ. ಕೂತಲ್ಲೇ ಕಟ್ಟಿದ. ಆ ಸಾಲನ್ನು ನಮ್ಮ ಸ್ವರದಲ್ಲಿ ಹೇಳಬೇಕೆಂದರೆ, ಕೀರವಾಣಿಯ ಸ್ವರಸ್ಥಾನಗಳನ್ನು ಇಟ್ಟುಕೊಂಡು ಸ, ಗ, ಪ, ಧ ಅಂತ ಹತ್ತಿ, ಅಲ್ಲಿಂದ ಒಮ್ಮೆಲೇ ಕೆಳಗಿನ ನಿಷಾದಕ್ಕೆ ಹಾರಿ. ಒಂದು ಕ್ಷಣ ನಿಂತು ಮತ್ತೆ ಪಂಚಮದಿಂದ ಅರ್ಧರ್ಧ ಸ್ವರವಾಗಿ ಇಳಿಯುತ್ತಾ ಬನ್ನಿ. ಎರಡು ಮಧ್ಯಮ, ಎರಡು ಗಾಂಧಾರ, ಎರಡು ರಿಷಭ, ಎಲ್ಲವೂ ಸಾಲಾಗಿ. ನಮ್ಮ ಯಾವ ರಾಗವೂ ಹೀಗೆ ಇಳಿಯುವುದಿಲ್ಲ. ಹಾಡಿಕೊಂಡು ನೋಡಿದರೆ ಎಂಥ ಕಷ್ಟದ ಸಾಲು ಅಂತ ಗೊತ್ತಾಗುತ್ತದೆ.

ಊರಿಗೆ ಹೋದ ಮೇಲೆ ಬಾಖ್ ಅದೇ ಸಾಲನ್ನು ಹಿಡಿದು ಒಂದು ಇಡೀ ಸಂಪುಟ ಬರೆದು, ಅಚ್ಚು ಹಾಕಿಸಿ, ಅದೇ ವರ್ಷ ರಾಜನಿಗೆ ಕಳಿಸಿದ. ಹೆಸರು ಮ್ಯೂಸಿಕಲ್ ಆಫರಿಂಗ್, ಸಂಗೀತದ ಕಾಣಿಕೆ ಅನ್ನೋಣ. ಅದರೊಳಗಿನ ಟ್ರಯೋ ಸೊನಾಟಾ ಕೊಳಲು, ಪಿಟೀಲು, ಕೀಲಿಮಣೆಗೆ ಬರೆದದ್ದು. ಟ್ರಯೋ ಅಂದರೆ ಮೂರು, ಆದರೆ ವೇದಿಕೆಯಲ್ಲಿ ನಾಲ್ವರಿರುತ್ತಾರೆ, ಕೀಲಿಮಣೆಯ ಎಡಗೈ ಜೊತೆ ಚೆಲೊ ಸೇರುತ್ತದೆ. ಅದು ಸಿ ಮೈನರ್‌ನಲ್ಲಿದೆ, ಅಂದರೆ ಸಿ ಅನ್ನು ಷಡ್ಜ ಮಾಡಿಕೊಂಡು ಕೋಮಲ ಗಾಂಧಾರ ಹಿಡಿದ ಶ್ರೇಣಿ. ಒಂದೇ ಕೀಲಿಯ ಮರದ ಕೊಳಲಿಗೆ ಅದು ಬಲು ಬಿಗಿ, ಅರ್ಧಕ್ಕರ್ಧ ಸ್ವರಗಳಿಗೆ ಬೆರಳು ಅಡ್ಡಡ್ಡ ಹಾಕಬೇಕು, ನಾದ ಮುಸುಕಿದ ಹಾಗೆ ಬರುತ್ತದೆ. ಆ ಮುಸುಕೇ ಆ ಸಂಗೀತದ ಚೆಲುವು. ಮರದ ಕೊಳಲಿನ ಧ್ವನಿಮುದ್ರಣ ಸಿಕ್ಕಿದರೆ ಅದನ್ನೇ ಕೇಳಿ.

ನೀವು ಅಲ್ಲೇ ಇರುವುದರಿಂದ ಒಂದು ಭಾನುವಾರ ಪೋಟ್ಸ್‌ಡ್ಯಾಮ್‌ಗೆ ಹೋಗಿ ಬನ್ನಿ, ಬರ್ಲಿನ್‌ನ ಲೋಕಲ್ ರೈಲೇ ಹೋಗುತ್ತದೆ. ಚಿತ್ರದಲ್ಲಿರುವುದು ಸಾನ್‌ಸೂಸಿ ಅರಮನೆ, ಅದರ ಸಂಗೀತದ ಕೋಣೆಯನ್ನು ಈಗಲೂ ನೋಡಬಹುದು. ಬಾಖ್ ಬಂದದ್ದು ಮಾತ್ರ ಊರೊಳಗಿನ ಅರಮನೆಗೆ. ಅದು ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಸುಟ್ಟು, ಆಮೇಲೆ ಪೂರ್ತಿ ಕೆಡವಿದರು. ಈಗ ಅದೇ ಜಾಗದಲ್ಲಿ ಹಳೆಯ ಹೊರರೂಪದಲ್ಲೇ ಕಟ್ಟಿ ರಾಜ್ಯದ ಶಾಸನಸಭೆ ನಡೆಸುತ್ತಿದ್ದಾರೆ.

ಪ್ರಶ್ನೆ: ನಮ್ಮ ಮಹಾರಾಜರಿಗೆ ಈ ಸಂಗೀತದ ಒಲವಿತ್ತು ಅಂತ ತಂದೆಯವರು ಹೇಳುತ್ತಿದ್ದರು.
ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ಒಲವು ಅನ್ನುವುದು ಸಣ್ಣ ಮಾತು. ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. ರಷ್ಯಾ ಬಿಟ್ಟು ಲಂಡನ್‌ನಲ್ಲಿ ಕಷ್ಟದಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳು ಧ್ವನಿಮುದ್ರಣವಾಗಲು ಹಣ ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಅದೇ ದೊರೆ ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನೂ ರಚಿಸಿದರು. ನಿಮ್ಮ ತಂದೆಯವರು ಆಸ್ಥಾನದ ಸಂಗೀತದ ಬಗ್ಗೆ ಬೇರೆ ಏನಾದರೂ ಹೇಳಿದ್ದರೆ ದಯವಿಟ್ಟು ಬರೆದು ಕಳಿಸಿ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದಾಳೆ. ಅವಳಿಗೆ ಇದನ್ನೂ ಕೇಳಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಗೊಂದಲ ಆಗುವುದಿಲ್ಲ ತಾನೇ?
ತಾಯಿ, ಮಂಡ್ಯ

ಉತ್ತರ: ಕೇಳಿದರೆ ಗೊಂದಲ ಆಗುವುದಿಲ್ಲ. ಅವಳ ಕೈಯಲ್ಲಿರುವ ವಾದ್ಯ ಇನ್ನೂರು ವರ್ಷದ ಹಿಂದೆ ಆ ಕಡೆಯಿಂದಲೇ ಬಂದದ್ದು, ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಪಾಶ್ಚಾತ್ಯರು ನಿಂತು ಅಥವಾ ಕುರ್ಚಿಯಲ್ಲಿ ಕೂತು ಗದ್ದಕ್ಕೆ ಕೊಟ್ಟು ನುಡಿಸುತ್ತಾರೆ, ನಾವು ನೆಲದ ಮೇಲೆ ಕೂತು ಪಾದಕ್ಕೆ ಆನಿಸುತ್ತೇವೆ, ಆಗ ಎಡಗೈ ಹಗುರಾಗಿ ಗಮಕಕ್ಕೆ ಜಾರುತ್ತದೆ. ನಾವು ನಾಲ್ಕು ತಂತಿಯನ್ನು ಸ ಪ ಸ ಪ ಮಾಡಿಕೊಳ್ಳುತ್ತೇವೆ, ಅವರದು ಬೇರೆ. ಇದನ್ನೆಲ್ಲ ಅವಳೇ ನೋಡಿ ನಿಮಗೆ ಹೇಳಲಿ. ನುಡಿಸುವುದನ್ನು ಮಾತ್ರ ಈಗಲೇ ಬೆರೆಸಬೇಡಿ, ಗುರುಗಳು ಹೇಳಿಕೊಟ್ಟ ಹಿಡಿತ ಗಟ್ಟಿಯಾಗಲಿ.

ಮೊದಲು ಐದನೇ ಬ್ರಾಂಡೆನ್‌ಬರ್ಗ್‌ನ ಮೊದಲ ಭಾಗ, ಹತ್ತು ನಿಮಿಷ. ಒಂದು ವಾರ ಅದೊಂದೇ. ಆಮೇಲೆ ಮೊಜಾರ್ಟ್‌ನ ಡಿ ಮೇಜರ್ ಕ್ವಾರ್ಟೆಟ್. ಅದು ಹಿಡಿಸಿದರೆ ಕಾರ್ಲ್ ಮರಿಯಾ ಫಾನ್ ವೆಬರ್ 1819ರಲ್ಲಿ ಕೊಳಲು, ಚೆಲೊ, ಪಿಯಾನೊಗೆ ಬರೆದ ಟ್ರಯೋ. ಅದರಲ್ಲಿ ಕುರುಬನೊಬ್ಬನ ದುಃಖದ ಹಾಡು ಅನ್ನುವ ಭಾಗ ಇದೆ, ಮಕ್ಕಳಿಗೆ ಬೇಗ ಮನಸ್ಸಿಗೆ ಹೋಗುತ್ತದೆ. ಸೊನಾಟಾ, ಕ್ವಾರ್ಟೆಟ್ ಅಂತ ಪಾಠ ಮಾಡಬೇಡಿ. ರಾತ್ರಿ ಊಟ ಆದ ಮೇಲೆ ಹಾಕಿ, ಈಗ ಯಾರು ಮಾತಾಡುತ್ತಿದ್ದಾರೆ ಅಂತ ಒಂದು ಪ್ರಶ್ನೆ ಕೇಳಿ. ಕೊಳಲು, ಅನ್ನುತ್ತಾಳೆ. ಈಗ? ಪಿಟೀಲು. ಉಳಿದವರು ಏನು ಮಾಡುತ್ತಿದ್ದಾರೆ ಅಂತ ಕೇಳಿ. ಅವಳು ಏನು ಹೇಳಿದಳು ಅಂತ ನನಗೂ ಒಂದು ಸಾಲು ಬರೆಯಿರಿ.